ಏನಾಗಬೇಕಿತ್ತು?

‘ಬಾಬಾ ಸಾಹೇಬ್ರ ಹೆಸ್ರಿಗೆ ಕಾಲು ಮುರ್ದೈತಲ್ರೋ’ ಅಂದದ್ದು ನಮ್ಮ ಕೇರಿಯ ಅಜ್ಜಿ.

2022ರ ಏಪ್ರಿಲ್ ತಿಂಗಳು. ಹದಿನಾಲ್ಕನೇ ತಾರೀಕಿನ ಜಯಂತಿಗೆ ಐನೂರು ಕರಪತ್ರ ಅಚ್ಚು ಹಾಕಿಸಿ ತಂದು ಕಟ್ಟು ಬಿಚ್ಚಿದ್ದೆವು. ಕಾಗದ ಚೆನ್ನಾಗಿತ್ತು, ನೀಲಿ ಬಣ್ಣ ಚೆನ್ನಾಗಿ ಹತ್ತಿತ್ತು. ಓದುಬರಹ ಬಲ್ಲ ನಾವು ಐದಾರು ಜನ ನೋಡಿದ್ದೆವು. ಅಚ್ಚುಮನೆಯವರು ನೋಡಿದ್ದರು. ಯಾರ ಕಣ್ಣಿಗೂ ಬೀಳಲಿಲ್ಲ. ಅಜ್ಜಿ ಮೂವತ್ತು ವರ್ಷ ಬೀದಿ ಗುಡಿಸಿದವಳು. ಸಾಕ್ಷರತಾ ಆಂದೋಲನದ ಕಾಲದಲ್ಲಿ ರಾತ್ರಿ ಲಾಟೀನು ಬೆಳಕಲ್ಲಿ ಅಕ್ಷರ ಕಲಿತವಳು. ಈಗಲೂ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಾಳೆ. ಬೆರಳಿಟ್ಟು ಓದುವವರಿಗೆ ಕಂಡದ್ದು ಕಣ್ಣೋಡಿಸುವವರಿಗೆ ಕಾಣಲಿಲ್ಲ.

ನೋಡಿದರೆ ಹೌದು. ತಲೆಬರಹದಲ್ಲಿ ‘ಅಂಬೇಡ್ಕರ್’ ಎಂಬಲ್ಲಿ ಡ ಅಕ್ಷರದ ಬುಡದಲ್ಲಿರಬೇಕಾದ ಕ ಒತ್ತು ಕಳಚಿಕೊಂಡು ಮುಂದಿನ ರ ಅಕ್ಷರದ ಹತ್ತಿರ ಹೋಗಿ ಬಿದ್ದಿತ್ತು. ‘ಬೇ’ ಅಕ್ಷರದ ದೀರ್ಘ ಅನಾಥನಂತೆ ದೂರ ನಿಂತಿತ್ತು. ಅದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿದ್ದ ಹೆಸರು ಮಾತ್ರ ಗುಂಡಗೆ, ಒಂದು ಗೀರೂ ಇಲ್ಲದೆ ನಿಂತಿತ್ತು.

ನಮಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅದನ್ನು ಹುಡುಕಿಕೊಂಡು ಹೋದ ಕತೆ ಇದು.

ಯಲಹಂಕದ ಹಳೇ ಊರಿನಾಚೆ ನಮ್ಮ ಕೇರಿ. ನಮ್ಮಪ್ಪಂದಿರಲ್ಲಿ ಕೆಲವರು ಯಶವಂತಪುರದ ಮಂಡಿಯಲ್ಲಿ ಮೂಟೆ ಹೊತ್ತವರು. ಅವ್ವಂದಿರು ಹೆಬ್ಬಾಳ, ಜಕ್ಕೂರಿನ ಎತ್ತರದ ಮನೆಗಳಲ್ಲಿ ನೆಲ ಒರೆಸುವವರು. ಭವನದ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಹಳೇ ಕಂಪ್ಯೂಟರ್ ಇಟ್ಟುಕೊಂಡಿದ್ದೇವೆ. ಯಾವುದೋ ಆಫೀಸು ಗುಜರಿಗೆ ಹಾಕಿದವು. ಅವುಗಳಿಗೆ ಲಿನಕ್ಸ್ ಹಾಕಿದೆವು. ಕಾಸು ಕೊಟ್ಟು ತರುವ ತಂತ್ರಾಂಶ ನಮ್ಮ ಕೈಗೆ ಎಟುಕುವಂಥದ್ದಲ್ಲ. ಕದ್ದು ಹಾಕಿಕೊಳ್ಳಬಹುದಿತ್ತು, ಊರೆಲ್ಲ ಹಾಗೇ ಮಾಡುತ್ತದೆ. ಆದರೆ ಕಳ್ಳತನ ಅಂದಕೂಡಲೆ ಪೊಲೀಸು ಮೊದಲು ಬರುವುದು ಯಾರ ಕೇರಿಗೆ? ನಮಗೆ ಅದು ಬೇಡವಾಗಿತ್ತು.

ಮುಕ್ತ ತಂತ್ರಾಂಶ ಅಂದರೆ ಬರೀ ಬಿಟ್ಟಿ ಅಲ್ಲ ಅನ್ನುವುದು ನಮಗೆ ನಿಧಾನವಾಗಿ ತಿಳಿಯಿತು. ಅದನ್ನು ಕಟ್ಟಿದ ಬರಹ, ಸೋರ್ಸ್ ಕೋಡ್ ಅನ್ನುತ್ತಾರಲ್ಲ ಅದು, ಎಲ್ಲರ ಮುಂದೆ ಬಿಚ್ಚಿಟ್ಟಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಈ ಚಳವಳಿ ಹುಟ್ಟಿದ್ದೂ ಒಂದು ಅಚ್ಚಿನ ತಾಪತ್ರಯದಿಂದಲೇ. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರಿದ್ದರು. ಅವರ ಪ್ರಯೋಗಶಾಲೆಗೆ ಬಂದ ಹೊಸ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿಮಾಡಿಕೊಳ್ಳೋಣ ಅಂತ ಅದರ ಕೋಡ್ ಕೇಳಿದರೆ, ಇಟ್ಟುಕೊಂಡವರು ಕೊಡಲಿಲ್ಲ. ಆ ಸಂಕಟ ಒಳಗೆ ಕುದ್ದು ಕುದ್ದು 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯ ಘೋಷಣೆಯಾಯಿತು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರಗಿಟ್ಟರು. ಹುಳುಕು ಕಂಡವನಿಗೆ ಅದನ್ನು ಸರಿಮಾಡುವ ಹಕ್ಕಿರಬೇಕು ಅನ್ನುವುದೇ ಇದರ ಬೇರು.

ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಎಲ್ಲರಿಗೂ ಮುಕ್ತ. ಆದರೆ ‘ಎಲ್ಲರಿಗೂ ಮುಕ್ತ’ ಅನ್ನುವ ಮಾತನ್ನು ನಮ್ಮ ಜನ ಮೊದಲೂ ಕೇಳಿದ್ದಾರೆ. 1923ರಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ಬೋಲೆಯವರ ಠರಾವು ಆಯಿತು, ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ. 1924ರಲ್ಲಿ ಮಹಾಡದ ಪುರಸಭೆ ಚವದಾರ್ ಕೆರೆ ಎಲ್ಲರದು ಅಂತ ಬರೆದುಕೊಂಡಿತು. ಬರೆದದ್ದು ಕಾಗದದ ಮೇಲೆ ಉಳಿಯಿತು. ನೀರು ಮಾತ್ರ ಮೇಲಿನವರದ್ದಾಗಿಯೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾ ಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ಒಡ್ಡಿದ ಮೇಲೆಯೇ ಆ ಠರಾವಿಗೆ ಜೀವ ಬಂದದ್ದು.

ತೆರೆದ ಕೋಡಿನ ದಂಡೆಯ ಮೇಲೆ ನಾವೂ ನಿಂತಿದ್ದೆವು. ಬೇಡ ಅಂದವರು ಯಾರೂ ಇರಲಿಲ್ಲ. ಬಾ ಅಂದವರೂ ಯಾರೂ ಇರಲಿಲ್ಲ.

ಮೊದಲು ಗೊತ್ತಿದ್ದವರನ್ನು ಕೇಳೋಣ ಅಂತ ಹೊರಟೆವು. ಹೆಬ್ಬಾಳದ ಕಡೆ ಒಂದು ದೊಡ್ಡ ಕಂಪನಿಯಲ್ಲಿ ಕೆಲಸದಲ್ಲಿರುವ, ಈ ವಿದ್ಯೆ ಬಲ್ಲ ಒಬ್ಬರಿದ್ದರು. ನಮ್ಮ ಹುಡುಗನೊಬ್ಬ ಹೋಗಿ ಕರಪತ್ರ ತೋರಿಸಿದ. ಅವರು ಕಾಗದ ನೋಡಿದರು, ಹುಡುಗನನ್ನು ನೋಡಿದರು.

‘ಪೂರ್ತಿ ಹೆಸರೇನಪ್ಪ?’

‘ಇಷ್ಟೇ ಸಾರ್.’

‘ಅಲ್ಲ, ಮನೆತನದ ಹೆಸರು? ಯಲಹಂಕದಲ್ಲಿ ಯಾವ ಕಡೆ?’

ಹುಡುಗ ಯಾವ ಕಡೆ ಅಂತ ಹೇಳಿದ. ಆಮೇಲೆ ಮಾತು ಬೆಚ್ಚಗಿರಲಿಲ್ಲ. ‘ಇದೆಲ್ಲ ನಿಮಗ್ಯಾಕೆ, ಯಾವುದಾದರೂ ಡಿಟಿಪಿ ಅಂಗಡಿಗೆ ಕೊಟ್ಟುಬಿಡಿ. ಇಲ್ಲವಾದರೆ ಅದರ ಕೈಪಿಡಿ ಓದಿಕೊಳ್ಳಿ’ ಅಂದರಂತೆ. ಅವರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಬಹುಶಃ ಅವರಿಗೆ ತಾವು ಕೇಳಿದ್ದರಲ್ಲಿ ತಪ್ಪೇನೂ ಕಂಡಿರಲಿಕ್ಕಿಲ್ಲ. ಬಗ್ ಇರುವ ಕಡೆ ಬಗ್ ಇದೆ ಅಂತ ಗೊತ್ತಾಗದೆ ಇರುವುದೇ ದೊಡ್ಡ ಬಗ್ಗು.

ಕೈಪಿಡಿ ಓದಿಕೊಳ್ಳಿ ಅನ್ನುವುದು ಆ ಲೋಕದ ಹಳೇ ಮಾತು. ಓದದೆ ಕೇಳುವವನು ನಮ್ಮ ಹೊತ್ತು ಹಾಳು ಮಾಡುತ್ತಾನೆ ಅನ್ನುವ ಬೇಸರ ಅದರಲ್ಲಿದೆ. ಸಂಬಳವಿಲ್ಲದೆ ರಾತ್ರಿ ಕೂತು ಕೆಲಸ ಮಾಡುವವರ ಬೇಸರ ನಮಗೆ ಅರ್ಥವಾಗದ್ದೇನಲ್ಲ. ಆದರೆ ಕೈಪಿಡಿ ಇರುವುದು ಇಂಗ್ಲಿಷಿನಲ್ಲಿ. ನಮ್ಮ ಕೈಗೆ ಇಂಗ್ಲಿಷು ಬಂದದ್ದು ಐದನೇ ಇಯತ್ತೆಯಲ್ಲಿ, ಅದೂ ಮೇಷ್ಟ್ರು ಬಂದ ದಿನ. ಓದಬೇಡ ಅಂತ ಕಾದ ಸೀಸ ಹೊಯ್ಯುವ ಕಾಲ ಹೋಯಿತು, ಓದಿಕೊಂಡು ಬಾ ಅಂತ ಬಾಗಿಲು ಹಾಕುವ ಕಾಲ ಬಂತು.

ಕೊನೆಗೆ ನಾವೇ ಬರೆಯುವುದು ಅಂತ ತೀರ್ಮಾನ ಮಾಡಿದೆವು. ಇಂಥ ಪ್ರತಿಯೊಂದು ತಂತ್ರಾಂಶಕ್ಕೂ ಬಗ್ ಬರೆದಿಡುವ ಒಂದು ರಿಜಿಸ್ಟರು ಇರುತ್ತದೆ. ಯಾರು ಬೇಕಾದರೂ ಅದರಲ್ಲಿ ನಮೂದು ಮಾಡಬಹುದು. ಒಂದು ನಂಬರು ಬೀಳುತ್ತದೆ. ಆ ನಂಬರಿನ ಹಿಂದೆ ಏನಾಯಿತು, ಯಾರು ನೋಡಿದರು, ಏನು ಹೇಳಿದರು ಎಲ್ಲ ಸಾಲಾಗಿ ಕಾಣುತ್ತದೆ. ತಾಲೂಕು ಕಚೇರಿಯಲ್ಲಿ ನಮ್ಮ ಅರ್ಜಿಗಳಿಗೆ ಇಂಥ ಭಾಗ್ಯ ಎಂದಾದರೂ ಇತ್ತೆ? ಅಲ್ಲಿ ಫೈಲು ಯಾವ ಮೇಜಿನ ಕೆಳಗಿದೆ ಅಂತ ತಿಳಿಯಲು ಜವಾನನ ಕೈ ಬೆಚ್ಚಗೆ ಮಾಡಬೇಕು.

ನಾವು ಐದು ಜನ ಸೇರಿ ಒಂದು ಸಂಜೆ ಪೂರ್ತಿ ಕೂತು ಬರೆದೆವು. ಈಗ ಅದನ್ನು ಓದಿಕೊಂಡರೆ ನಗುವೂ ಬರುತ್ತದೆ, ಹೊಟ್ಟೆಯೊಳಗೆ ಸಂಕಟವೂ ಆಗುತ್ತದೆ. ಮಾನ್ಯರೆ, ನಾವು ಬಡ ವಿದ್ಯಾರ್ಥಿಗಳು, ಈ ಮೂಲಕ ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ತಮ್ಮ ತಂತ್ರಾಂಶದಲ್ಲಿ ಕನ್ನಡ ಸರಿ ಬರುತ್ತಿಲ್ಲ, ದಯಮಾಡಿ ಕೃಪೆ ತೋರಬೇಕು, ಇಂತಿ ತಮ್ಮ ವಿಧೇಯರು. ಇದನ್ನೇ ಹರಕು ಇಂಗ್ಲಿಷಿಗೆ ಇಳಿಸಿದ್ದೆವು. ನಮ್ಮ ತಾತ ಶಾನುಭೋಗರ ಮುಂದೆ ನಿಂತು ಹೇಳುತ್ತಿದ್ದ ಧಾಟಿ ಅದು. ತಾತ ಸತ್ತು ನಲವತ್ತು ವರ್ಷವಾಗಿದೆ. ಅವನ ಬೆನ್ನು ನಮ್ಮ ಬರಹದಲ್ಲಿ ಇನ್ನೂ ಬಗ್ಗಿಕೊಂಡೇ ಇತ್ತು.

ಎರಡು ದಿನಕ್ಕೆ ಒಂದು ಸಾಲಿನ ಉತ್ತರ ಬಂತು. ಯಾವ ಆವೃತ್ತಿ? ಯಾವ ಅಕ್ಷರಶೈಲಿ? ಕಡತ ಲಗತ್ತಿಸಿ. ಪಕ್ಕದಲ್ಲಿ ‘ಮಾಹಿತಿ ಬೇಕು’ ಅನ್ನುವ ಗುರುತು. ನಮಸ್ಕಾರವಿಲ್ಲ, ಏನಿಲ್ಲ. ಅರ್ಜಿ ವಾಪಸು ಬಂತು ಅಂತ ನಾವು ತಿಳಿದೆವು. ಇಪ್ಪತ್ತು ದಿನ ಅತ್ತ ತಲೆ ಹಾಕಲಿಲ್ಲ.

ಕೋಣೆಯ ಮೂಲೆಯಲ್ಲಿ ಕೂರುತ್ತಿದ್ದ ಒಬ್ಬಳು ಹುಡುಗಿ, ಡಿಪ್ಲೊಮ ಓದುತ್ತಿದ್ದವಳು, ಒಂದು ದಿನ ಕೇಳಿದಳು: ‘ಅಣ್ಣ, ಅವ್ರೇನು ಬೈದಿಲ್ವಲ್ಲ? ಕೇಳಿದಾರೆ ಅಷ್ಟೆ. ಕೇಳಿದ್ದಕ್ಕೆ ಹೇಳೋಣ.’

ಅವಳು ರಿಜಿಸ್ಟರಿನ ನಮೂನೆ ತೆಗೆದು ತೋರಿಸಿದಳು. ಅದರಲ್ಲಿ ಮೂರು ಪ್ರಶ್ನೆಗಳಿದ್ದವು. ನೀವು ಏನು ಮಾಡಿದಿರಿ, ಒಂದೊಂದೇ ಹೆಜ್ಜೆ ಬರೆಯಿರಿ. ಏನಾಯಿತು? ಏನಾಗಬೇಕಿತ್ತು?

ಈ ಮೂರನೇ ಪ್ರಶ್ನೆಯ ಮುಂದೆ ನಾವು ಸುಮ್ಮನೆ ಕೂತುಬಿಟ್ಟೆವು.

ಏನಾಗಬೇಕಿತ್ತು ಅಂತ ನಮ್ಮನ್ನು ಯಾರು ಯಾವತ್ತು ಕೇಳಿದ್ದರು? ನಮ್ಮ ಮನೆಗಳಿಗೆ ಪಟ್ಟಾ ಬಂದಾಗ ಅಳತೆ ಕಡಿಮೆ ಬಂತು. ಏನಾಗಬೇಕಿತ್ತು ಅಂತ ಯಾರೂ ಕೇಳಲಿಲ್ಲ, ಬಂದಷ್ಟು ತಗೊಳ್ರಿ ಅಂದರು. ಸ್ಕೂಲಿನ ದಾಖಲೆಯಲ್ಲಿ ನಮ್ಮಪ್ಪಂದಿರ ಹೆಸರು ಮೇಷ್ಟ್ರ ಬಾಯಿಗೆ ಬಂದಂತೆ ಬಿತ್ತು. ಏನಿರಬೇಕಿತ್ತು ಅಂತ ಯಾರೂ ಕೇಳಲಿಲ್ಲ. ಅರ್ಜಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಅರ್ಜಿ ಕೊಡುವವನು ಬೇಡುತ್ತಾನೆ, ಕೊಡುವವನು ಕೊಡುತ್ತಾನೆ ಇಲ್ಲವೆ ಕೊಡುವುದಿಲ್ಲ. ವರದಿ ಬರೆಯುವವನು ಬೇಡುವುದಿಲ್ಲ. ಹೀಗಿದೆ, ಹೀಗಿರಬೇಕಿತ್ತು, ಇಗೋ ಸಾಕ್ಷಿ ಅನ್ನುತ್ತಾನೆ. ಅವನು ಬಡವನೋ ಬಲ್ಲಿದನೋ, ವಿಧೇಯನೋ ಅವಿಧೇಯನೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಹುಡುಗಿ ಮುಂದೆ ನಿಂತಳು, ನಾವು ಹಿಂದೆ ನಿಂತೆವು. ಹೊಸ ಹಾಳೆ ತೆಗೆದು ‘ಅಂಬೇಡ್ಕರ್’ ಅಂತ ಒಂದೇ ಪದ ಬರೆದಳು. ಸರಿಯಾಗಿ ಬಂತು. ದಪ್ಪ ಮಾಡಿದಳು, ಸರಿಯಾಗಿತ್ತು. ಬಣ್ಣ ಹಾಕಿದಳು, ಸರಿಯಾಗಿತ್ತು. ತಲೆಬರಹ ಅಗಲವಾಗಿ ಕಾಣಲಿ ಅಂತ ನಾವು ಕರಪತ್ರದಲ್ಲಿ ಅಕ್ಷರಗಳ ನಡುವೆ ಜಾಗ ಬಿಟ್ಟಿದ್ದೆವು. ಅದನ್ನು ಒಂದು ಪಾಯಿಂಟು ಕೊಟ್ಟು ನೋಡಿದಳು. ಒತ್ತು ಜರುಗಿತು. ಎರಡು ಪಾಯಿಂಟು, ಇನ್ನಷ್ಟು ಜರುಗಿತು. ಸೊನ್ನೆ ಮಾಡಿದಳು, ವಾಪಸು ಬಂದು ತನ್ನ ಜಾಗದಲ್ಲಿ ಕೂತಿತು. ಬೇರೆ ಅಕ್ಷರಶೈಲಿಯಲ್ಲೂ ಹಾಗೇ ಆಯಿತು. ತೆಲುಗಿನ ಪದವೊಂದನ್ನು ಹಾಕಿದಳು, ಅದರ ಒತ್ತೂ ಜರುಗಿತು. ಇಂಗ್ಲಿಷಿನದು ಮಾತ್ರ ಅಲುಗಲಿಲ್ಲ.

ಆಗ ನಮಗೆ ಒಳಗಿನದು ಅರ್ಥವಾಯಿತು. ‘ಡ್ಕ’ ಅನ್ನುವುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯಂತ್ರದ ಹೊಟ್ಟೆಯಲ್ಲಿ ಅದು ಮೂರು: ಡ, ಅರ್ಧಾಕ್ಷರದ ಗುರುತು, ಕ. ಇವನ್ನು ಜೋಡಿಸಿ ಅಕ್ಷರದ ಆಕಾರ ಕಟ್ಟಿಕೊಡುವ ಒಂದು ಮುಕ್ತ ತಂತ್ರಾಂಶವಿದೆ. ಅದರ ಹೆಸರು ಹಾರ್ಫ್‌ಬಜ್. ಪಾರ್ಸಿ ಭಾಷೆಯಿಂದ ಬಂದ ಹೆಸರು, ತೆರೆದ ಅಕ್ಷರ ಅಂತ ಅರ್ಥ. ಅದು ತನ್ನ ಕೆಲಸ ಸರಿಯಾಗೇ ಮಾಡಿತ್ತು. ಡ ಒಂದು ತುಂಡು, ಕ ಒತ್ತು ಇನ್ನೊಂದು ತುಂಡು, ಎರಡೂ ಸೇರಿ ಒಂದೇ ಗುಂಪು ಅಂತ ಹೇಳಿಕೊಟ್ಟಿತ್ತು. ನಾವು ಬಳಸಿದ ತಂತ್ರಾಂಶ ಆ ಗುಂಪನ್ನು ಗಮನಿಸದೆ ಪ್ರತಿಯೊಂದು ತುಂಡಿನ ಮುಂದೂ ಜಾಗ ಬಿಡುತ್ತಿತ್ತು. ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರವೂ ಒಂಟಿ, ಹಾಗೆ ಮಾಡಿದರೆ ಏನೂ ಆಗುವುದಿಲ್ಲ. ನಮ್ಮ ಅಕ್ಷರ ಒಂದರ ಕೆಳಗೊಂದು ಹಿಡಿದುಕೊಂಡು ಬದುಕುವಂಥದ್ದು. ಹಿಡಿದ ಕೈ ಬಿಡಿಸಿದರೆ ಹೆಸರೇ ಮುರಿಯುತ್ತದೆ.

ವರದಿಯನ್ನು ಅವಳು ಹದಿನೈದು ಸಾಲಿನಲ್ಲಿ ಬರೆದಳು. ಆವೃತ್ತಿಯ ಸಂಖ್ಯೆ, ಲಿನಕ್ಸಿನ ಆವೃತ್ತಿ, ಅಕ್ಷರಶೈಲಿಯ ಹೆಸರು. ಒಂದನೇ ಹೆಜ್ಜೆ, ಎರಡನೇ ಹೆಜ್ಜೆ, ಮೂರನೇ ಹೆಜ್ಜೆ. ಏನಾಯಿತು ಅನ್ನುವುದಕ್ಕೆ ಒಂದು ಚಿತ್ರ, ಏನಾಗಬೇಕಿತ್ತು ಅನ್ನುವುದಕ್ಕೆ ಇನ್ನೊಂದು ಚಿತ್ರ. ಕನ್ನಡ ಬಾರದವನೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯಬೇಕು ಅಂತ ಒತ್ತಿನ ಸುತ್ತ ಕೆಂಪು ಗೆರೆ ಎಳೆದಳು. ನಮ್ಮಲ್ಲೊಬ್ಬ ಆತುರದಲ್ಲಿ ಮಾದರಿ ಕಡತ ಅಂತ ತಂಗಿಯ ಜಾತಿ ಪ್ರಮಾಣಪತ್ರದ ಅರ್ಜಿಯನ್ನು ಲಗತ್ತಿಸಲು ಹೋಗಿದ್ದ. ಅದರಲ್ಲೂ ಇದೇ ತೊಂದರೆ ಇತ್ತು ನಿಜ. ಆದರೆ ಆ ರಿಜಿಸ್ಟರು ಜಗತ್ತಿಗೆಲ್ಲ ತೆರೆದದ್ದು, ಒಮ್ಮೆ ಹಾಕಿದ್ದು ಉಳಿದುಬಿಡುತ್ತದೆ. ಹೆಸರು, ವಿಳಾಸ, ಜಾತಿ ಎಲ್ಲ ಬೀದಿಗೆ ಬೀಳುತ್ತಿತ್ತು. ಸದ್ಯ ಅವಳು ಕೈ ತಡೆದಳು. ಒಂದು ಪದ ಇದ್ದ ಹಾಳೆ ಸಾಕು ಅಂದಳು.

ನಾಲ್ಕನೇ ದಿನ ಉತ್ತರ ಬಂತು. ಯಾವ ದೇಶದವರೋ ನಮಗೆ ಗೊತ್ತಿಲ್ಲ, ಕನ್ನಡ ಬಾರದವರು ಅನ್ನುವುದು ಮಾತ್ರ ಗೊತ್ತಾಯಿತು. ನೀವು ಹೇಳಿದ ಹೆಜ್ಜೆಗಳಲ್ಲಿ ನಮಗೂ ಹಾಗೇ ಕಂಡಿತು, ಇದು ಬಗ್ ಹೌದು ಅಂತ ಬರೆದಿದ್ದರು. ಹೌದು! ಆ ಒಂದು ಪದಕ್ಕೆ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತೆವು. ನಡುವೆ ಇನ್ನೊಬ್ಬರು ಬಂದು, ನನ್ನ ಯಂತ್ರದಲ್ಲಿ ಸರಿಯಾಗೇ ಇದೆಯಲ್ಲ ಅಂದರು. ಜಾಗ ಸೊನ್ನೆ ಇಟ್ಟು ನೋಡಿದ್ದರು. ನಮ್ಮೂರಲ್ಲಿ ಜಾತಿಗೀತಿ ಏನೂ ಇಲ್ಲಪ್ಪ ಅನ್ನುವ ದೊಡ್ಡವರು ನೆನಪಾದರು. ಅವರು ಸುಳ್ಳು ಹೇಳುವುದಿಲ್ಲ. ಅವರ ಯಂತ್ರದಲ್ಲಿ ಅದು ಸರಿಯಾಗೇ ಇರುತ್ತದೆ. ಯಾವ ಹೆಜ್ಜೆ ಇಟ್ಟರೆ ಒಡೆಯುತ್ತದೆ ಅಂತ ತೋರಿಸುವ ಕೆಲಸ ಯಾವಾಗಲೂ ಒಡೆಸಿಕೊಂಡವರ ಮೇಲೇ ಬೀಳುತ್ತದೆ. ಹುಡುಗಿ ಸಿಟ್ಟು ಮಾಡಿಕೊಳ್ಳದೆ, ಮೂರನೇ ಹೆಜ್ಜೆ ಮಾಡಿ ನೋಡಿ ಅಂತ ಬರೆದಳು. ಏಳು ತಿಂಗಳಾದ ಮೇಲೆ ಬಂದ ಹೊಸ ಆವೃತ್ತಿಯಲ್ಲಿ ಒತ್ತು ತನ್ನ ಜಾಗದಲ್ಲಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸುಖದ ಕತೆಯಾಗುತ್ತದೆ. ಅಷ್ಟೇ ಆಗಿದ್ದರೆ ಈ ಪತ್ರಿಕೆಯ ಹಾಳೆ ಹಾಳು ಮಾಡುತ್ತಿರಲಿಲ್ಲ.

ಗೆಳೆಯರೆ, ಹುಳುಕು ತೋರಿಸಿದವರಿಗೆ ಈ ನಾಡು ಏನು ಮಾಡಿದೆ ಅನ್ನುವುದು ನಮಗೆ ಗೊತ್ತು. ಯಲಹಂಕದಿಂದ ವಿಧಾನಸಭೆಗೆ ಆರಿಸಿಹೋಗಿದ್ದ ಬಿ. ಬಸವಲಿಂಗಪ್ಪನವರನ್ನು ನೆನೆಯಿರಿ. ಮಲ ಹೊರುವ ಪದ್ಧತಿಯನ್ನು ಮಂತ್ರಿಯಾಗಿ ನಿಷೇಧಿಸಿದವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಅದೊಂದು ವರದಿ. ಈ ಸಾಹಿತ್ಯದಲ್ಲಿ ನಮ್ಮ ಬದುಕು ಕಾಣುತ್ತಿಲ್ಲ, ಕಾಣಬೇಕಿತ್ತು ಅನ್ನುವ ವರದಿ. ಪರಿಶೀಲಿಸಿ ನೋಡಿದವರೆಷ್ಟು ಜನ? ಬೀದಿಬೀದಿಯಲ್ಲಿ ಪ್ರತಿಭಟನೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು, ಕೊನೆಗೆ ದೇವರಾಜ ಅರಸರ ಸಂಪುಟದಿಂದ ಅವರು ರಾಜೀನಾಮೆ ಕೊಡಬೇಕಾಯಿತು. ಬಗ್ಗನ್ನು ಬಿಟ್ಟು ಬಗ್ ಹೇಳಿದವರನ್ನು ತೆಗೆದುಹಾಕಿದರು. ಆದರೆ ವರದಿ ಸಾಯಲಿಲ್ಲ. ಆ ಏಟು ತಿಂದ ಹುಡುಗರೇ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ತಿದ್ದುಪಡಿ ಬರೆದವರು ವರದಿ ಕೊಟ್ಟ ಜನವೇ.

ಕಂಪ್ಯೂಟರಿನ ಲೋಕದಲ್ಲೂ ಯಾರ ನೋವು ಮೊದಲು ಕೇಳುತ್ತದೆ ಅನ್ನುವುದಕ್ಕೆ ಲೆಕ್ಕಾಚಾರವಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಅಕ್ಷರ ಐಫೋನುಗಳನ್ನು ಕೆಡವಿತು. ಯಾವ ಅಕ್ಷರ ಗೊತ್ತೆ? ಜ್ಞಾ. ಜ್ಞಾನದ ಜ್ಞಾ! ಅದನ್ನು ಸಂದೇಶದಲ್ಲಿ ಕಳಿಸಿದರೆ ಓದುವವರ ಫೋನು ಕುಸಿಯುತ್ತಿತ್ತು. ಜಗತ್ತೆಲ್ಲ ಗುಲ್ಲೆದ್ದಿತು. ಅದೇ ತಿಂಗಳು 19ಕ್ಕೆ ಆಪಲ್ ಕಂಪನಿ ತಿದ್ದಿದ ಆವೃತ್ತಿ ಬಿಟ್ಟಿತು. ನಮ್ಮ ಕಡೆಯ ಅಕ್ಷರ ಅವರ ಯಂತ್ರವನ್ನು ಒಡೆದರೆ ದಿನಗಳಲ್ಲಿ ರಿಪೇರಿ. ಅವರ ಯಂತ್ರ ನಮ್ಮ ಅಕ್ಷರವನ್ನು ಒಡೆದರೆ ತಿಂಗಳುಗಟ್ಟಲೆ ಕಾಯಬೇಕು.

ಇನ್ನೊಂದು ಕೇಳಿ. ಜಗತ್ತಿನ ಎಲ್ಲ ಲಿಪಿಗಳಿಗೂ ನಂಬರು ಕೊಟ್ಟಿಡುವ ಯೂನಿಕೋಡ್ ಎಂಬ ದೊಡ್ಡ ಖಾತೆ ಇದೆ. ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಅದಕ್ಕೆ ಸೇರಿತು. ಹಳಗನ್ನಡದ ಒಂದು ಅಕ್ಷರವಿದೆ, ೞ, ಮಳೆಗೆ ಬಾೞೆಗೆ ಹಿಂದೆ ಬಳಸುತ್ತಿದ್ದ ೞ. ಅದಕ್ಕೆ ಆ ಖಾತೆಯಲ್ಲಿ ಬಿದ್ದ ಹೆಸರು ‘ಕನ್ನಡ ಅಕ್ಷರ ಫ’ ಅಂತ. ಇಂಗ್ಲಿಷಿನ ಎಫ್ ಉಚ್ಚಾರದ ಫ! ತಪ್ಪು ಅಂತ ಅವರೇ ಒಪ್ಪಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು, ಬದಲಿಸಿದರೆ ಅದನ್ನು ನಂಬಿದ ಯಂತ್ರಗಳು ತಪ್ಪುತ್ತವೆ ಅನ್ನುವುದು ಅವರ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರನ್ನು ಇನ್ನೊಂದು ಹೆಸರಾಗಿ ಬರೆದಿಟ್ಟಿದ್ದಾರೆ.

ಇದನ್ನು ಓದಿದಾಗ ನಮ್ಮಲ್ಲಿ ಯಾರೂ ನಗಲಿಲ್ಲ. ನಮ್ಮ ಹಿರಿಯರ ಹೆಸರೆಲ್ಲ ಹೀಗೇ ಅಲ್ಲವೆ? ಬೇರೆಯವರು ಬರೆದದ್ದು ಮೂಲ ದಾಖಲೆ, ನಾವು ಕರೆದುಕೊಂಡದ್ದು ಅಡ್ಡಹೆಸರು. ಆದರೆ ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆ ಖಾತೆಯಲ್ಲಿ ಇದು ತಪ್ಪು ಅಂತ ತಪ್ಪಿನ ಪಕ್ಕದಲ್ಲೇ ಬರೆದಿದೆ. ನಮ್ಮ ಊರಿನ ಖಾತೆಗಳಲ್ಲಿ ಅಷ್ಟೂ ಬರೆದಿಲ್ಲ.

ಪದಗಳೂ ಬಗ್ ಆಗಬಹುದು ಅನ್ನುವುದನ್ನು ಆ ಲೋಕ ಇತ್ತೀಚೆಗೆ ಒಪ್ಪುತ್ತಿದೆ. ಒಂದು ಯಂತ್ರ ಇನ್ನೊಂದನ್ನು ನಡೆಸಿದರೆ ಮಾಸ್ಟರ್, ಸ್ಲೇವ್ ಅಂತ ಕರೆಯುವುದು ದಶಕಗಳ ರೂಢಿ. ಒಡೆಯ, ಜೀತಗಾರ. 2018ರಲ್ಲಿ ಪೈಥಾನ್ ಭಾಷೆಯ ರಿಜಿಸ್ಟರಿನಲ್ಲಿ ಈ ಪದಗಳ ಮೇಲೆ ವರದಿ ಬಿತ್ತು. ಅದರ ಕಡತಗಳಿಂದ ಹಲವು ಕಡೆ ತೆಗೆದರು. ಬರೀ ಪದ, ಇದರಲ್ಲೇನಿದೆ ಅಂತ ಗೊಣಗಿದವರು ಬಹಳ. ಪದದಲ್ಲೇನಿದೆ ಅಂತ ಪದದಿಂದ ಹೊಡೆಸಿಕೊಂಡವರನ್ನು ಕೇಳಬೇಕು.

ನಮ್ಮ ಕಡೆಯದೇ ಒಂದು ಮಾತು. ಯಶವಂತಪುರಕ್ಕೆ ಹೋಗುವ ದಾರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಉದ್ದನೆಯ ಕಾಂಪೌಂಡು ಸಿಗುತ್ತದಲ್ಲ, ಅದರ ಒಳಗಿನ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರ ಸುಮಾರಿಗೆ ಸಿಂಪ್ಯೂಟರ್ ಅಂತ ಮಾಡಿದರು. ಕೈಯಲ್ಲಿ ಹಿಡಿಯುವ ಕಂಪ್ಯೂಟರು, ಒಳಗೆ ಲಿನಕ್ಸು, ಓದು ಬಾರದವರಿಗಾಗಿ ನಮ್ಮ ಭಾಷೆಗಳಲ್ಲಿ ಮಾತಾಡುವ ಆಸೆ. ಬಡವರಿಗೆಂದೇ ಮಾಡಿದ್ದು. ಒಳ್ಳೆಯ ಮನಸ್ಸಿನ ಕೆಲಸ, ಅದನ್ನು ಹೀಗಳೆಯುವುದಿಲ್ಲ. ಅಂದುಕೊಂಡಷ್ಟು ಅದು ಹರಡಲಿಲ್ಲ. ಕಾಂಪೌಂಡಿನ ಈಚೆ ಮೂಟೆ ಹೊರುತ್ತಿದ್ದ ನಮ್ಮಪ್ಪಂದಿರು ಅದನ್ನು ಕಣ್ಣಿಂದ ನೋಡಲಿಲ್ಲ. ಬಡವರಿಗಾಗಿ ಮಾಡುವುದು ಒಂದು. ಇದು ಹೀಗಿರಬೇಕಿತ್ತು ಅಂತ ಬಡವರು ಹೇಳುವುದನ್ನು ಬರೆದುಕೊಳ್ಳುವುದು ಇನ್ನೊಂದು. ನಮಗೆ ಎರಡನೆಯದು ಬೇಕು.

ಈಗ ನಮ್ಮದೇ ಹುಳುಕು. ಬೇರೆಯವರ ಬಗ್ ತೋರಿಸಿ ನಮ್ಮದನ್ನು ಮುಚ್ಚಿಡುವುದು ಬಂಡಾಯವಲ್ಲ.

ಆ ವರದಿ ರಿಜಿಸ್ಟರಿನಲ್ಲಿ ಯಾರ ಹೆಸರಲ್ಲಿ ಇದೆ? ಮೊದಲ ಅರ್ಜಿ ಹಾಕಿದ ನಮ್ಮ ಹುಡುಗನ ಹೆಸರಲ್ಲಿ. ಹೊಸ ಆವೃತ್ತಿ ಬಂದಾಗ, ಬಗ್ ತೋರಿಸಿದವರು ಅಂತ ಅವನ ಹೆಸರೇ ಬಂತು. ನಾವು ಎದೆಯುಬ್ಬಿಸಿ ಭವನದ ಗೋಡೆಗೆ ಅಂಟಿಸಿದೆವು. ಕಂಡುಹಿಡಿದವಳು ಅಜ್ಜಿ. ಬಿಡಿಸಿ ಬರೆದವಳು ಆ ಹುಡುಗಿ. ಆರು ತಿಂಗಳು ಅವಳು ಕೋಣೆಯ ಮೂಲೆಯಲ್ಲಿ ಯಾಕೆ ಕೂರುತ್ತಿದ್ದಳು? ಇದ್ದ ನಾಲ್ಕು ಕಂಪ್ಯೂಟರಿನ ಮುಂದೆ ನಾವು ಗಂಡಸರು ಕೂತಿರುತ್ತಿದ್ದೆವು. ಅವಳಿಗೆ ಸಿಗುತ್ತಿದ್ದದ್ದು ನಾವು ಚಾ ಕುಡಿಯಲು ಎದ್ದಾಗಿನ ಹತ್ತು ನಿಮಿಷ. ಅವಳು ಅದನ್ನೂ ಹೇಳಿದಳು, ಗೋಡೆಯ ಮುಂದೆ ನಿಂತು, ವರದಿಯ ಹಾಗೆಯೇ.

‘ನಾನ್ ಬರ್ದೆ. ಹೆಸ್ರು ಅಣ್ಣಂದು ಬಂತು. ನಂದೂ ಅಜ್ಜೀದೂ ಬರ್ಬೇಕಿತ್ತು.’

ಏನು ಮಾಡಿದೆ, ಏನಾಯಿತು, ಏನಾಗಬೇಕಿತ್ತು. ಮೂರೂ ಇತ್ತು. ನಮ್ಮ ಬಾಯಲ್ಲಿ ಮಾತಿರಲಿಲ್ಲ. ಒಬ್ಬ ಮಾತ್ರ, ನಮ್ಮ ನಮ್ಮಲ್ಲೇ ಯಾಕೆ ಇದೆಲ್ಲ ಅಂದ. ನನ್ನ ಯಂತ್ರದಲ್ಲಿ ಸರಿಯಾಗಿದೆ ಅಂದವರ ದನಿಯೇ ಅದು. ಗೋಡೆಯ ಕಾಗದ ತೆಗೆದೆವು. ಮರುವಾರ ರಿಜಿಸ್ಟರಿನಲ್ಲಿ ಇನ್ನೆರಡು ಹೆಸರು ಸೇರಿಸಬೇಕು ಅಂತ ಬರೆದೆವು, ಸೇರಿಸಿದರು. ಕೋಣೆಯಲ್ಲಿ ಎರಡು ಯಂತ್ರ ಹೆಣ್ಣುಮಕ್ಕಳದ್ದು ಅಂತ ಆಯಿತು. ಆ ಹುಡುಗಿ ಈಗ ಭಾನುವಾರ ಸಂಜೆ ಹನ್ನೆರಡು ಜನಕ್ಕೆ ವರದಿ ಬರೆಯುವುದನ್ನು ಹೇಳಿಕೊಡುತ್ತಾಳೆ. ಅವಳು ಮೊದಲು ಹೇಳುವುದು ಇಷ್ಟು: ಒಂದು ವರದಿಗೆ ಒಂದೇ ಬಗ್. ಬರೆಯುವ ಮೊದಲು ಬೇರೆಯವರು ಬರೆದಿದ್ದಾರೆಯೇ ನೋಡಿ. ಹೊಸ ಆವೃತ್ತಿಯಲ್ಲಿ ಇನ್ನೂ ಇದೆಯೇ ನೋಡಿ. ಹೆಜ್ಜೆ ಬಿಡಬೇಡಿ. ಊಹೆಯನ್ನು ಕಂಡದ್ದರ ಜೊತೆ ಕಲಸಬೇಡಿ. ಇಂಗ್ಲಿಷು ಹರಿದಿದ್ದರೆ ಹರಿದಿರಲಿ, ಚಿತ್ರ ಹಾಕಿ. ದಯಮಾಡಿ ಅಂತ ಒಂದು ಸಲ ಬರೆದರೆ ಸಾಕು. ವಿಧೇಯ ಅಂತ ಬರೆಯಲೇಬೇಡಿ.

ಬಂಧುಗಳೆ, ನಮ್ಮ ಕೈಗೆ ಈಗ ಪಡಿತರದ ಯಂತ್ರ ಬಂದಿದೆ, ಹಾಜರಿಯ ಯಂತ್ರ ಬಂದಿದೆ, ಸ್ಕಾಲರ್‌ಷಿಪ್ಪಿನ ಅರ್ಜಿ ಯಂತ್ರದೊಳಗೆ ಹೋಗಿದೆ. ಅವುಗಳಲ್ಲಿ ಎಷ್ಟೋ ಮುಚ್ಚಿದ ಪೆಟ್ಟಿಗೆಗಳು. ಬೆರಳು ಒತ್ತಿದರೆ ಬೆರಳು ನಿಮ್ಮದಲ್ಲ ಅನ್ನುತ್ತವೆ. ಗುಡಿಸಿ ಗುಡಿಸಿ ಅಜ್ಜಿಯ ಬೆರಳ ಗೆರೆ ಸವೆದುಹೋಗಿದೆ, ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅಲ್ಲಿ ವರದಿ ಬರೆಯುವ ರಿಜಿಸ್ಟರು ಎಲ್ಲಿದೆ? ಅದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಅದನ್ನು ಕೇಳುವುದು ಮುಂದ��ನ ಹೋರಾಟ. ಕರಪತ್ರದ ಒಂದು ಒತ್ತಿನಿಂದ ನಾವು ಕಲಿತದ್ದು ಅದಕ್ಕೆ ಬೇಕಾಗುತ್ತದೆ.

2023ರ ಜಯಂತಿಗೆ ಮತ್ತೆ ಐನೂರು ಕರಪತ್ರ ಹಾಕಿಸಿದೆವು. ಕಟ್ಟು ಬಿಚ್ಚಿ ಮೊದಲನೆಯದನ್ನು ಅಜ್ಜಿಯ ಕೈಗೆ ಕೊಟ್ಟೆವು. ಅವಳು ಬಾಗಿಲ ಬೆಳಕಿಗೆ ಬಂದು ಕೂತು ತಲೆಬರಹದ ಮೇಲೆ ಬೆರಳಿಟ್ಟಳು. ಅಂ. ಬೇ. ಡ್ಕ. ರ್. ಬೆರಳು ಎಲ್ಲೂ ನಿಲ್ಲಲಿಲ್ಲ.

‘ಇದು ಸರ್ಯಾಗೈತೆ’ ಅಂದಳು. ಆಮೇಲೆ ಹಾಳೆ ತಿರುಗಿಸಿ ಹಿಂಬದಿಯ ಸಾಲಿಗೆ ಬೆರಳು ಇಟ್ಟಳು.

‘ಇಲ್ಲಿ ನೋಡ್ರೋ ಇನ್ನೊಂದು.’